ಮರಣ ತೆರಿಗೆಯೂ ದಾನವೂ

ದಾನ ದೊಡ್ಡ ಗುಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾವು ಸಮೀಪಿಸಿದಾಗ ಲಕ್ಷಾಧೀಶನು ತನ್ನ ಹಣವನ್ನೆಲ್ಲ ಮಗನ ಕೈಗೆ ದಾಟಿಸಿದರೆ ಅದು ದಾನವೋ, ತೆರಿಗೆ ತಪ್ಪಿಸುವ ಹಾದಿಯೋ?

1953ರ ಎಸ್ಟೇಟ್ ಡ್ಯೂಟಿ ಕಾಯಿದೆ ಇದಕ್ಕೆ ಉತ್ತರ ಕೊಟ್ಟಿತ್ತು. ಸಾವಿಗೆ ಮುಂಚಿನ ಎರಡು ವರ್ಷಗಳೊಳಗೆ ಕೊಟ್ಟ ಹಣವನ್ನು ಸತ್ತವನ ಆಸ್ತಿಯೆಂದೇ ಎಣಿಸಲಾಗುತ್ತಿತ್ತು. ಸಾರ್ವಜನಿಕ ಧರ್ಮಕಾರ್ಯಕ್ಕೆ ಕೊಟ್ಟಿದ್ದರೆ ಆ ಅವಧಿ ಆರು ತಿಂಗಳು. ಆದರೂ ಜಾಣನು ಮೂರು ವರ್ಷ ಮೊದಲೇ ಕೊಟ್ಟು ಪಾರಾಗಬಹುದಿತ್ತು. ಬೇಲಿಯ ಈ ಕಂಡಿ ಮುಚ್ಚಲು, ಅರ್ಥಶಾಸ್ತ್ರಜ್ಞ ಕಾಲ್ಡೋರರು 1956ರಲ್ಲಿ ಕೊಟ್ಟ ಸಲಹೆಯಂತೆ, 1958ರಲ್ಲಿ ದಾನ ತೆರಿಗೆ ಬಂದಿತು.

1985ರಲ್ಲಿ ಮರಣ ತೆರಿಗೆ ರದ್ದಾಯಿತು. 1998ರಲ್ಲಿ ದಾನ ತೆರಿಗೆಯೂ ಹೋಯಿತು. ಮರಣ ತೆರಿಗೆಯಿಂದ ವರಮಾನ ಅಲ್ಪ, ವಸೂಲಿಯ ಖರ್ಚು ಹೆಚ್ಚು ಎಂಬುದು ಸರ್ಕಾರದ ವಾದವಾಗಿತ್ತು. ಬೇಲಿ ಮುರಿದರೆ ಕಟ್ಟಬೇಕು. ಹೊಲವನ್ನೇ ಹೋರಿಗೆ ಬಿಡುವುದು ಯಾವ ನ್ಯಾಯ?

ಇಂದು ತಂದೆ ಮಗನಿಗೆ ಕೋಟಿಗಟ್ಟಲೆ ಕೊಟ್ಟರೂ ಆ ದಾನಕ್ಕೆ ತೆರಿಗೆಯಿಲ್ಲ. ಸತ್ತ ಮೇಲೆ ಬಿಟ್ಟುಹೋದರೂ ಇಲ್ಲ. ಬಂಧುವಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿ ಪಡೆದರೆ ಮಾತ್ರ, ಮದುವೆಯ ಉಡುಗೊರೆಯಂಥವನ್ನು ಬಿಟ್ಟು, ಅದು ಆದಾಯವೆನಿಸುತ್ತದೆ. ಇತ್ತ ಕೂಲಿಕಾರನು ಒಂದು ಸೋಪು ಕೊಂಡರೂ ತೆರಿಗೆ ತೆರುತ್ತಾನೆ. ದುಡಿದವನು ತೆರಬೇಕು, ದುಡಿಯದೆ ಪಡೆದವನು ತೆರಬೇಕಿಲ್ಲ!

ಬಡವನ ಮನೆ, ರೈತನ ತುಂಡು ಹೊಲ ಮುಟ್ಟುವುದು ಬೇಡ. ದೊಡ್ಡ ಗಂಟುಗಳ ಮೇಲೆ ಎರಡೂ ತೆರಿಗೆಗಳು ಜೊತೆಯಾಗಿಯೇ ಮರಳಬೇಕೆಂದು ನಾವು ಒತ್ತಾಯಿಸುತ್ತೇವೆ. ಮರಣ ತೆರಿಗೆಯೊಂದನ್ನೇ ತಂದರೆ ಕಂಡಿ ಮತ್ತೆ ತೆರೆದುಕೊಳ್ಳುತ್ತದೆ.