ಬೇಳೆ ದುಬಾರಿಯಾಗುವುದೂ ಮಳೆ ಕೈಕೊಡುವುದೂ ಬೇರೆ ಬೇರೆಯಲ್ಲ

ಬಡವರಿಗೆ ಬೇಕಾದ್ದು ಅಗ್ಗದ ಬೇಳೆ, ಹವಾಮಾನದ ಚಿಂತೆಯೆಲ್ಲ ಉಂಡು ತೃಪ್ತರಾದವರಿಗೆ: ಈ ವಾದವನ್ನು ಪಕ್ಷಭೇದವಿಲ್ಲದೆ ಎಲ್ಲರೂ ಮಾಡುತ್ತಾರೆ. ಜನಾಭಿಪ್ರಾಯ ಕೇಳುವವರೂ ಬೆಲೆಯೋ ಪರಿಸರವೋ ಎಂದೇ ಕೇಳುತ್ತಾರೆ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಆ ಪ್ರಶ್ನೆಯೇ ಸುಳ್ಳು. ಕೃಷ್ಣಾ, ಮಾಗನೂರು ಮಂಡಲಗಳ ಕನ್ನಡದ ಮನೆಗಳಲ್ಲಿ 'ಹವಾಮಾನ ಬದಲಾವಣೆ' ಎಂದು ಯಾರೂ ಹೇಳಲಿಕ್ಕಿಲ್ಲ. 'ಈ ಸಲ ಮಳಿ ಕೈಕೊಡ್ತು, ತೊಗರಿ ಹೋತು' ಎನ್ನುತ್ತಾರೆ. ಅದೇ ಅವರ ಅಭಿಪ್ರಾಯ. ಅದನ್ನು ಅಭಿಪ್ರಾಯವೆಂದು ಎಣಿಸದಿರುವುದು ಎಣಿಸುವವರ ತಪ್ಪು.

ನಾರಾಯಣಪೇಟೆಯ ಮಾರುಕಟ್ಟೆ ಹೆಸರಾದದ್ದೇ ತೊಗರಿಗೆ. ಕಾಲುವೆ ನೀರು ಕಾಣದ ಹೊಲಗಳಲ್ಲಿ ಮಳೆಯೊಂದನ್ನೇ ನಂಬಿ ನಿಲ್ಲುವ ಬೆಳೆ ಅದು. ಮಳೆ ಕಡಿಮೆಯಾದರೂ ಕಷ್ಟ, ಹೆಚ್ಚಾಗಿ ಹೊಲದಲ್ಲಿ ನೀರು ನಿಂತರೂ ಕಷ್ಟ. 2022ರ ಕೊನೆಗೆ ಪಕ್ಕದ ಕಲಬುರಗಿಯಲ್ಲಿ ನೆಟೆ ರೋಗಕ್ಕೆ ಹೊಲಗಳೇ ಒಣಗಿ ನಿಂತವು. ಮರುವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಕಂಡ ಅತಿ ಒಣ ಆಗಸ್ಟ್. ಅಂಗಡಿಯಲ್ಲಿ ಬೇಳೆ ಕಿಲೋಗೆ 150 ರೂಪಾಯಿ ದಾಟಿತು. 2024ರಲ್ಲಿ ತೊಗರಿ ಕ್ವಿಂಟಲ್‌ಗೆ 10 ಸಾವಿರ ಮೀರಿದಾಗ ಬೆಳೆ ಕಳೆದುಕೊಂಡ ರೈತನ ಬಳಿ ಮಾರಲು ಕಾಳೇ ಇರಲಿಲ್ಲ. ತಾನು ಬೆಳೆಯಬೇಕಿದ್ದ ಬೇಳೆಯನ್ನು ಅವನೂ ಅಂಗಡಿಯಲ್ಲೇ ಕೊಂಡ.

ದಿಲ್ಲಿಗೆ ಕಂಡ ಮದ್ದು ಒಂದೇ, ಆಮದು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿಗೆ ಬಾಗಿಲು ತೆರೆದರು. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಕಾಳು ಬಂತು. 2025ರ ಜನವರಿಯಲ್ಲಿ ಹೊಸ ತೊಗರಿ ಮಾರುಕಟ್ಟೆಗೆ ಬರುವ ಹೊತ್ತಿಗೇ ಸುಂಕದ ವಿನಾಯಿತಿಯನ್ನು ಇನ್ನೊಂದು ವರ್ಷ ಮುಂದುವರಿಸಿದರು. ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಹಲವು ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಕೆಳಗಿಳಿಯಿತು. ಪಟ್ಟಣದವರಿಗೆ ಬೇಳೆ ಅಗ್ಗವಾಗಲಿ, ಬೇಡವೆನ್ನುವವರು ಯಾರು? ಆದರೆ ಆ ಅಗ್ಗದ ಬೆಲೆಯನ್ನು ಮಳೆಯಿಂದ ಒಮ್ಮೆ ಸೋತವನ ಕೈಯಿಂದಲೇ ತೆರಿಸುವುದು ಅನ್ಯಾಯ. ಸುಂಕವನ್ನು ಸುಗ್ಗಿಗೆ ಏರಿಸಿ, ಸುಗ್ಗಿ ಮುಗಿದ ಮೇಲೆ ಇಳಿಸುವುದು ಅಷ್ಟು ಕಷ್ಟದ ಕೆಲಸವೇ?

ಈ ಅನ್ಯಾಯದಲ್ಲಿ ಹೈದರಾಬಾದಿನ ಪಾಲೂ ಇದೆ. 2020ರಲ್ಲಿ ತೆಲಂಗಾಣ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಿಂದ ಹೊರಬಂತು. ಕೃಷ್ಣಾ ಹೊಳೆಯಾಚೆ ರಾಯಚೂರಿನ ರೈತ, ಎಷ್ಟೇ ದೂರುಗಳಿದ್ದರೂ, ಬೆಳೆ ವಿಮೆಯ ಕಂತು ಕಟ್ಟಬಲ್ಲ. ಈಚೆ ದಡದವನಿಗೆ ರೈತು ಬಂಧು, ಈಗ ರೈತು ಭರೋಸಾ: ಎಕರೆಗೆ ವರ್ಷಕ್ಕೆ 12 ಸಾವಿರ. ಅದು ಪಟ್ಟಾದಾರನಿಗೆ ಸಲ್ಲುವ ಹಣ, ಬೆಳೆ ಬಂದರೂ ಹೋದರೂ ಅಷ್ಟೇ. ಗುತ್ತಿಗೆಗೆ ಹೊಲ ಮಾಡಿದವನು ಬೆಳೆ ಕಳೆದುಕೊಂಡರೆ ಪುಣೆಗೋ ಬೆಂಗಳೂರಿಗೋ ಕೂಲಿಗೆ ಹೋಗುತ್ತಾನೆ. ಪಾಲಮೂರು ಎನಿಸಿಕೊಂಡ ಈ ಸೀಮೆಯ ಗುಳೆ ಹಳೆಯದು, ನಿಜ, ಹಳೆಯದೆಂದು ಸಹಿಸಿಕೊಳ್ಳಬೇಕಾಗಿಲ್ಲ.

ನೇಕಾರರನ್ನೂ ಮರೆಯಬಾರದು. ಬೇಳೆ, ಎಣ್ಣೆ, ತರಕಾರಿಗೆ ದುಡ್ಡು ಖರ್ಚಾದ ಮನೆ ಮೊದಲು ಮುಂದೂಡುವುದು ಸೀರೆ ಖರೀದಿಯನ್ನು. ನಾರಾಯಣಪೇಟೆ ಸೀರೆಗೂ ಗದ್ವಾಲ್ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಆದರೆ ಆ ಮಾನ್ಯತೆ ಗಿರಾಕಿಯನ್ನು ಕರೆತರುವುದಿಲ್ಲ. ಅತಿಮಳೆಯಲ್ಲಿ ಗುಂಡಿ ಮಗ್ಗದೊಳಗೆ ತೇವ ಏರಿ ಕೆಲಸ ನಿಂತರೆ ಆ ದಿನಗಳ ಕೂಲಿಯೂ ಇಲ್ಲ. ಅಂಥ ಅತಿಮಳೆಗೆ 2009ರ ಅಕ್ಟೋಬರ್‌ನಲ್ಲಿ ಕೃಷ್ಣಾ, ತುಂಗಭದ್ರಾ ಉಕ್ಕಿ ಹರಿದದ್ದನ್ನು ಈ ಸೀಮೆ ಮರೆತಿಲ್ಲ.

ಗುತ್ತಿಗೆ ರೈತನನ್ನೂ ಒಳಗೊಂಡ ಬೆಳೆ ವಿಮೆ, ಸುಗ್ಗಿಯಲ್ಲಿ ಆಮದು ಸುಂಕ, ಬೆಂಬಲ ಬೆಲೆಗೆ ಮನೆ ಬಾಗಿಲಲ್ಲೇ ಖರೀದಿ, ಮಗ್ಗ ನಿಂತ ದಿನಗಳಿಗೆ ಪರಿಹಾರ. ಮುಂದಿನ ಸಲ ಮತ ಕೇಳಲು ಬಂದವರ ಮುಂದೆ ಈ ನಾಲ್ಕನ್ನೂ ಇಡಿ. ಇವುಗಳಿಗೆ ಉತ್ತರವಿಲ್ಲದವರು ಬೆಲೆಯೇರಿಕೆಯ ಮಾತಾಡಿದರೆ ನಂಬಬೇಡಿ.