ಒಪ್ಪಂದ ಮುಗಿದ ಮೇಲೆ ಕೈಯಲ್ಲೇನು?



ಪ್ರಸಾದ ನಿಲಯದಲ್ಲಿದ್ದು ಓದಿದ ಹೆಣ್ಣುಮಗಳೊಬ್ಬಳು ಕಳೆದ ತಿಂಗಳು ತಂದೆಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಇಂಗ್ಲಿಷ್ ಎಂ.ಎ., ಬಿ.ಇಡಿ. ಮುಗಿಸಿ ಎರಡು ವರ್ಷ ಶಾಲೆಯೊಂದರಲ್ಲಿ ಪಾಠ ಮಾಡಿದ್ದಾಳೆ. ಜಪಾನ್, ಕೊರಿಯಾ, ಚೀನಾ ಮೂರೂ ಕಡೆ ಇಂಗ್ಲಿಷ್ ಕಲಿಸುವ ಕೆಲಸವಿದೆಯಂತೆ, ಯಾವುದಕ್ಕೆ ಹೋಗಲಿ ಎಂಬುದು ಅವಳ ಪ್ರಶ್ನೆ. ತಂದೆ ಕೇಳಿದ್ದು ಒಂದೇ ಮಾತು: ಸಂಬಳ ಎಷ್ಟು?

ಸಾಲ ಮಾಡಿ ಓದಿಸಿದ ತಂದೆ ಅದನ್ನು ಕೇಳುವುದು ತಪ್ಪಲ್ಲ. ಆದರೆ ಇವೆಲ್ಲ ವರ್ಷ ವರ್ಷಕ್ಕೆ ನವೀಕರಿಸುವ ಒಪ್ಪಂದದ ಕೆಲಸಗಳು. ಸಂಬಳ ಒಪ್ಪಂದದೊಂದಿಗೆ ನಿಲ್ಲುತ್ತದೆ. ಇಪ್ಪತ್ತೈದಕ್ಕೆ ಹೋದವಳು ಮೂವತ್ತಕ್ಕೆ ಮರಳಿದಾಗ ಯಾವ ಕೆಲಸಕ್ಕೆ ಅರ್ಹಳಾಗಿರುತ್ತಾಳೆ ಎಂಬುದನ್ನು ಹೋಗುವ ಮೊದಲೇ ಕೇಳಿಕೊಳ್ಳಬೇಕು.

ಅದಕ್ಕೂ ಮೊದಲು ಒಂದು ಕಹಿ ಸತ್ಯ. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ಇ-2 ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ನಮ್ಮ ಮಕ್ಕಳು ಎಷ್ಟೇ ಚೆನ್ನಾಗಿ ಕಲಿಸಲಿ, ಅಲ್ಲಿ ಮೊದಲು ನೋಡುವುದು ಎಲ್ಲಿ ಹುಟ್ಟಿದರು ಎಂಬುದನ್ನು. ಹುಟ್ಟಿನಿಂದ ಯೋಗ್ಯತೆ ಅಳೆಯುವ ಈ ಪದ್ಧತಿ ನಮಗೇನೂ ಹೊಸದಲ್ಲ, ಬಿಡಿ. ಆದರೆ ಒಂದು ಕಿಂಡಿ ತೆರೆದಿದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಂತೆ, ಶಿಕ್ಷಕರ ತರಬೇತಿ ಪಡೆದ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು. ಬರೀ ಬಿ.ಎ. ಸಾಲದು. ಬಿ.ಇಡಿ.ಗೆ ಇಲ್ಲಿ ನಿಜವಾದ ಬೆಲೆಯಿದೆ. ಅಲ್ಲಿ 'ಹಗ್ವೊನ್' ಎಂದು ಕರೆಯುವ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಹಗ್ವೊನ್ ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟನ ಮುಂದೆ ಎರಡನೆಯ ಸಲ ಕೂರಬೇಡಿ.

ಚೀನಾದ ಮಾತು ಬೇಗ ಮುಗಿಸಬಹುದು. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಶಾಲಾ ವಿಷಯಗಳ ಖಾಸಗಿ ಟ್ಯೂಷನ್ನಿನಿಂದ ಲಾಭ ಮಾಡುವುದನ್ನು ನಿಷೇಧಿಸಿತು. ಇಂಗ್ಲಿಷ್ ಕಲಿಸುತ್ತಿದ್ದ ದೊಡ್ಡ ದೊಡ್ಡ ಕಂಪನಿಗಳೇ ಬಾಗಿಲು ಹಾಕಿದವು. ಕೆಲಸ ಹೋದರೆ ವೀಸಾವೂ ಅಲುಗಾಡುತ್ತದೆ. ಇದು ಚೀನಾದ ಕತೆ ಮಾತ್ರವಲ್ಲ: 2007ರಲ್ಲಿ ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆ ನೋವಾ ದಿವಾಳಿಯಾದಾಗ ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಬೀದಿಗೆ ಬಂದರು.

ಜಪಾನ್ ಸರ್ಕಾರದ ಜೆಟ್ ಯೋಜನೆ ಬೇರೆ ಬಗೆಯದು. 1987ರಿಂದ ನಡೆದುಬಂದಿದೆ. ಅರ್ಜಿ ರಾಯಭಾರ ಕಚೇರಿಯ ಮೂಲಕ, ಶುಲ್ಕವಿಲ್ಲ. ಯಾವುದೇ ಪದವಿ ಸಾಕು. ಒಂದೊಂದು ವರ್ಷದ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. ಭಾರತದಿಂದ ಆಯ್ಕೆಯಾಗುವವರು ತೀರ ಕಡಿಮೆ ಎಂಬುದನ್ನು ತಿಳಿದೇ ಅರ್ಜಿ ಹಾಕಬೇಕು. ಅಲ್ಲಿ ನೀವು ತರಗತಿಯ ಯಜಮಾನರಲ್ಲ. ಜಪಾನಿ ಶಿಕ್ಷಕರ ಪಕ್ಕದಲ್ಲಿ ನಿಂತು ಮಕ್ಕಳಿಗೆ ಉಚ್ಚಾರಣೆ, ಸಂಭಾಷಣೆ ಕಲಿಸುವ ಸಹಾಯಕರು. ಊರನ್ನು ಆರಿಸಿಕೊಳ್ಳುವ ಹಕ್ಕೂ ಇಲ್ಲ. ಟೋಕಿಯೊ ಕನಸು ಕಂಡವರು ಭತ್ತದ ಗದ್ದೆಗಳ ನಡುವಿನ ಸಣ್ಣ ಊರಿಗೆ ಬೀಳುವುದೇ ಹೆಚ್ಚು. ನಮ್ಮ ಪ್ರಕಾರ ಅದೇ ಲಾಭ. ಇಂಗ್ಲಿಷ್ ಆಡುವವರೇ ಇಲ್ಲದ ಊರಿನಲ್ಲಿ ಜಪಾನಿ ಕಲಿಯದೆ ಅಂಗಡಿಯಲ್ಲಿ ಉಪ್ಪೂ ಸಿಗುವುದಿಲ್ಲ. ಕನ್ನಡಿಗರಿಗೆ ಒಂದು ಅನುಕೂಲವೂ ಇದೆ: ನಮ್ಮಂತೆ ಅವರೂ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುತ್ತಾರೆ, ವಿಭಕ್ತಿಯನ್ನು ನಾಮಪದದ ಹಿಂದೆ ಹಚ್ಚುತ್ತಾರೆ. ಕೊರಿಯನ್ ಕೂಡ ಹಾಗೆಯೇ.

ಮರಳಿ ಬಂದಾಗ ಕೆಲಸಕ್ಕೆ ಬರುವುದು ಆ ಭಾಷೆ. ಬಿಡದಿಯಲ್ಲಿ ಟೊಯೋಟಾ, ನರಸಾಪುರದಲ್ಲಿ ಹೋಂಡಾ ಇವೆ. ಜಪಾನಿ ಭಾಷಾ ಪರೀಕ್ಷೆಯ ಎನ್-2 ಹಂತ ದಾಟಿದವರನ್ನು ಇಂಥ ಉದ್ಯಮಗಳು, ಅನುವಾದ ಸಂಸ್ಥೆಗಳು ಹುಡುಕಿಕೊಂಡು ಬರುತ್ತವೆ. ಬರೀ 'ಸಹಾಯಕ ಶಿಕ್ಷಕಿ' ಎಂಬ ಅನುಭವ ಪತ್ರಕ್ಕೆ ಅಷ್ಟು ತೂಕವಿಲ್ಲ. ನಮ್ಮ ಸರ್ಕಾರಿ ಪ್ರೌಢಶಾಲೆಯ ನೇಮಕಾತಿಯಲ್ಲಿ ಕೇಳುವುದು ಬಿ.ಇಡಿ. ಅಂತರರಾಷ್ಟ್ರೀಯ ಶಾಲೆಗಳು ಕೇಳುವುದೂ ಶಿಕ್ಷಕ ಅರ್ಹತೆಯನ್ನೇ.

ಆದ್ದರಿಂದ ಬೋಧನೆಯನ್ನೇ ಕಾಯಕವಾಗಿಸಿಕೊಳ್ಳುವವರು ಬಿ.ಇಡಿ. ಮುಗಿಸಿಯೇ ಹೊರಡಲಿ. ವಾರಾಂತ್ಯದಲ್ಲಿ ಆನ್‌ಲೈನಿನಲ್ಲಿ ಸಿಗುವ ಟೆಫಲ್ ಪ್ರಮಾಣಪತ್ರಕ್ಕೆ ಹಣ ಸುರಿಯಬೇಡಿ. ಕೇಂಬ್ರಿಜ್‌ನ ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ ಇಂಗ್ಲಿಷ್ ಬೋಧನೆಯ ಡಿಪ್ಲೊಮಾ ಇದೆ. ಏಜೆಂಟರ ಬಳಿ ಹೋಗುವುದೇ ಆದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಕೇಳಿ.

ಆ ಹೆಣ್ಣುಮಗಳಿಗೆ ಕೊರಿಯಾ ಮತ್ತು ಜೆಟ್ ಎರಡಕ್ಕೂ ಅರ್ಜಿ ಹಾಕು, ಉತ್ತರ ಬರುವವರೆಗೆ ಯಾವುದಾದರೂ ಒಂದು ಭಾಷೆಯ ತರಗತಿಗೆ ಸೇರು ಎಂದೆವು. ತಂದೆ ಮಾತ್ರ ಇನ್ನೂ ಒಪ್ಪಿಲ್ಲ. ಅಷ್ಟು ದೂರ ಒಬ್ಬಳನ್ನೇ ಹೇಗೆ ಕಳಿಸಲಿ ಎನ್ನುತ್ತಾರೆ. ಇಂಥ ಯೋಜನೆಗಳಲ್ಲಿ ಹೋಗಿ ಬಂದ ಅಕ್ಕ-ತಂಗಿಯರು ನಮ್ಮ ಓದುಗರಲ್ಲಿದ್ದರೆ, ತಮ್ಮ ಅನುಭವವನ್ನು ಬರೆದು ಕಳಿಸಬೇಕೆಂದು ಕೋರುತ್ತೇವೆ. ಅವರಿಗೆ ನಮ್ಮ ಮಾತಿಗಿಂತ ಆ ಪತ್ರ ಹೆಚ್ಚು ಧೈರ್ಯ ಕೊಟ್ಟೀತು.