ಗೊಂಬೆಯಾಟ ಮಕ್ಕಳಿಗಷ್ಟೇ ಅಂತ ಹೇಳಿದ್ಯಾರು?

ಆಫೀಸಿನ ಫ್ಯಾಮಿಲಿ ಡೇಗೆ ಈ ಸಲ ಗೊಂಬೆಯಾಟ ಕರೆಸೋಣ ಅಂತ ಟೀಮಿನಲ್ಲಿ ಯಾರೋ ಹೇಳಿದ್ದೇ ತಡ, ಪ್ಲಾನಿಂಗ್ ಶೀಟಿನಲ್ಲಿ ಅದು ಸೀದಾ 'ಕಿಡ್ಸ್ ಝೋನ್' ಕಾಲಮ್ಮಿಗೆ ಹೋಗಿ ಕೂತಿತು. ಫೇಸ್ ಪೇಂಟಿಂಗ್, ಪಾಪ್‌ಕಾರ್ನ್, ಗೊಂಬೆಯಾಟ. ಅವಧಿ 25 ನಿಮಿಷ. ಯಾರೂ ಯೋಚನೆ ಮಾಡಿ ಹಾಕಿದ್ದಲ್ಲ. ಗೊಂಬೆ ಅಂದಮೇಲೆ ಮಕ್ಕಳಿಗೇ ಅಲ್ವಾ ಅನ್ನೋದು ಎಲ್ಲರ ತಲೆಯಲ್ಲೂ ಇತ್ತು.

ನನ್ನ ತಕರಾರು ಇಲ್ಲೇ. ನಾನು ಮಧುಗಿರಿ ಕಡೆಯವನು. ಬಯಲುಸೀಮೆಯ ತೊಗಲು ಗೊಂಬೆಯಾಟ ಶುರುವಾಗುತ್ತಿದ್ದುದೇ ಮಕ್ಕಳು ನಿದ್ದೆಗೆ ಜಾರುವ ಹೊತ್ತಿಗೆ. ಊಟ ಮುಗಿಸಿ, ಕಂಬಳಿ ಹೊದ್ದು ಬಂದು ಕೂತವರು ಏಳುತ್ತಿದ್ದುದು ಬೆಳಗಿನ ಜಾವಕ್ಕೆ. ಆಡುತ್ತಿದ್ದ ಕತೆಗಳಾದರೂ ಎಂಥವು? ಮೈರಾವಣ ಕಾಳಗ, ವಿರಾಟಪರ್ವ, ದ್ರೌಪದಿಯ ವಸ್ತ್ರಾಪಹರಣ. ಜೂಜು, ಅವಮಾನ, ಸೇಡು, ಸಾವು. ಇದರಲ್ಲಿ ಕಿಡ್ಸ್ ಝೋನಿಗೆ ಯಾವುದನ್ನು ಕೊಡ್ತೀರಿ ಹೇಳಿ.

ಆಡಿನ ಚರ್ಮದ ಕೂದಲು ಕೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಒಡವೆ ಮತ್ತು ಸೀರೆಯ ಅಂಚು ಬರುವಲ್ಲೆಲ್ಲ ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಮುಂದೆ ಬಿಳಿ ಪರದೆ, ಹಿಂದೆ ದೀಪ. ಮೊದಲು ಹರಳೆಣ್ಣೆಯದು, ಆಮೇಲೆ ಪೆಟ್ರೋಮ್ಯಾಕ್ಸ್, ಈಗ ಬಲ್ಬು. ಎಣ್ಣೆದೀಪದ ಜ್ವಾಲೆ ಅಲುಗಾಡಿದಾಗ ಸುಮ್ಮನೆ ನಿಂತ ಗೊಂಬೆಯೂ ಉಸಿರಾಡಿದ ಹಾಗೆ ಕಾಣುತ್ತೆ, ಬಲ್ಬಿನಲ್ಲಿ ಅದಿಲ್ಲ. ಇನ್ನೊಂದು ವಿಶೇಷ, ಗೊಂಬೆಯ ಗಾತ್ರ ಪಾತ್ರದ ಅಂತಸ್ತಿನ ಪ್ರಕಾರ ಇರುತ್ತೆ. ರಾಜರು, ದೇವರು ದೊಡ್ಡವರು. ಆಳುಕಾಳುಗಳು ಚಿಕ್ಕವರು. ನಮ್ಮ ಡಿಸೈನರುಗಳು 'ವಿಷುವಲ್ ಹೈರಾರ್ಕಿ' ಅಂತ ಹತ್ತು ಸ್ಲೈಡು ಮಾಡ್ತಾರಲ್ಲ, ಅದೇ.

ಆ ಅಂತಸ್ತನ್ನೆಲ್ಲ ಒದ್ದು ಕೆಡವಲಿಕ್ಕೆ ಒಬ್ಬನಿದ್ದಾನೆ, ಕಿಳ್ಳೇಕ್ಯಾತ. ಅಂದಚೆಂದ ಇಲ್ಲದ ಮೈ, ಬಾಯಿಗೆ ಲಂಗುಲಗಾಮಿಲ್ಲ. ಜೋಡಿಯಾಗಿ ಬಂಗಾರಕ್ಕ. ಗಂಡ ಹೆಂಡತಿ ಜಗಳ, ಹಾಸಿಗೆಯ ಮಾತು, ಊರಿನ ದೊಡ್ಡಮನುಷ್ಯರ ಹುಳುಕು, ಎಲ್ಲ ಇವರ ಬಾಯಲ್ಲಿ ಬರುತ್ತೆ. ಮನುಷ್ಯ ನಟ ಅದನ್ನೇ ಆಡಿದ್ದರೆ ಮಾರನೇ ದಿನ ಪಂಚಾಯ್ತಿ ಸೇರುತ್ತಿತ್ತು. ಚರ್ಮದ ತುಂಡು ಆಡಿದರೆ ಬೈಸಿಕೊಂಡವನೂ ನಗಬೇಕು. ದೊಡ್ಡವರಿಗೆ ಗೊಂಬೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನ್ನ ಮೊದಲ ಉತ್ತರ ಈ ಕಿಳ್ಳೇಕ್ಯಾತ.

ಇದು ಬರೀ ಮನರಂಜನೆಯೂ ಆಗಿರಲಿಲ್ಲ. ಮಳೆ ಕೈಕೊಟ್ಟರೆ, ದನಕ್ಕೆ ರೋಗ ಬಂದರೆ ಮೇಳ ಕರೆಸುವ ರೂಢಿ ಇತ್ತು. ಪಾವಗಡದಂಥ ಬರದ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದಿದೆ. ಮಳೆಗಾಗಿ ಗೊಂಬೆ ಆಡಿಸುತ್ತಿದ್ದ ಸೀಮೆ ಬಿಸಿಲಿನಿಂದಲೇ ಬಾಡಿಗೆ ಎಣಿಸುತ್ತಿದೆ. ಇರಲಿ.

ಅದೇ ಪಾವಗಡದಿಂದ ಗಡಿ ದಾಟಿ, ಪೆನುಕೊಂಡದ ಮೇಲೆ ಧರ್ಮವರದ ಕಡೆ ಹೋದರೆ ನಿಮ್ಮಲಕುಂಟ ಸಿಗುತ್ತೆ. ತೊಗಲು ಗೊಂಬೆಯವರ ಊರು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಈ ಕಲಾವಿದರ ಮನೆಮಾತು ಮರಾಠಿಯ ಒಂದು ಬಗೆ. ಆಟ ಮಾತ್ರ ಗಡಿಯ ಆಚೆ ತೆಲುಗು, ಈಚೆ ಕನ್ನಡ. ನಿಮ್ಮಲಕುಂಟದಲ್ಲಿ ಈಗ ಹೊಟ್ಟೆಪಾಡು ಹೆಚ್ಚಾಗಿ ನಡೆಯುವುದು ಅದೇ ಚರ್ಮದಲ್ಲಿ ಮಾಡುವ ಲ್ಯಾಂಪ್‌ಶೇಡಿನಿಂದ. ದೀಪದ ಮುಂದೆ ಗೊಂಬೆ ಹಿಡಿದ ಕೈ ಈಗ ದೀಪಕ್ಕೆ ಮುಸುಕು ಹೊಲಿಯುತ್ತಿದೆ. ಬೆಂಗಳೂರಿನ ಡ್ರಾಯಿಂಗ್ ರೂಮಿನಲ್ಲಿ ಅದು ಚೆನ್ನಾಗೇ ಕಾಣುತ್ತೆ, ಇಲ್ಲ ಅನ್ನಲ್ಲ.

ನಮ್ಮ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೂ 2025ರಲ್ಲಿ ಪದ್ಮಶ್ರೀ ಸಿಕ್ಕಿತು. ಆಗ ಅವರಿಗೆ 96 ವರ್ಷ. ಪ್ರಶಸ್ತಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕ್ತೀವಿ. ಆಟಕ್ಕೆ ಕರೆಯುವಾಗ ಮಾತ್ರ ಒಂದೋ ಶಾಲೆ ವಾರ್ಷಿಕೋತ್ಸವ, ಇಲ್ಲವೇ ಶೌಚಾಲಯ, ಲಸಿಕೆ, ಮತದಾನದ ಜಾಗೃತಿ. ಜಾಗೃತಿ ಬೇಡ ಅಂತಲ್ಲ, ಆದರೆ ಕಿಳ್ಳೇಕ್ಯಾತನ ಕೈಗೆ ಬೋರ್ಡು ಕೊಟ್ಟು ನಿಲ್ಲಿಸಿದರೆ ಅವನು ಇನ್ನೇನು ಮಾತಾಡ್ತಾನೆ? ಹೊಸ ವಿಷಯ ತರಲು ಬೇರೆ ದಾರಿ ಇದೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧಿಯನ್ನು, ಸ್ವಾತಂತ್ರ್ಯ ಹೋರಾಟವನ್ನು ತೊಗಲು ಗೊಂಬೆಯ ಪರದೆಗೆ ತಂದರು.

ದೊಡ್ಡವರಿಗೆ ಅಂತಲೇ ಗೊಂಬೆ ನಾಟಕ ಮಾಡುವ ಸಣ್ಣ ತಂಡಗಳೂ ಇವೆ. ದೆಹಲಿಯಲ್ಲಿ ಅನುರೂಪಾ ರಾಯ್ 1998ರಲ್ಲಿ ಕಟ್ಟಿದ ಕಠ್‌ಕಥಾ ಅಂಥದ್ದು. ಅವರ 'ಮಹಾಭಾರತ'ದಲ್ಲಿ ಹಾಸನದ ಗುಂಡುರಾಜು ಅವರ ತೊಗಲು ಗೊಂಬೆಗಳಿವೆ, ಶಿಳ್ಳೇಕ್ಯಾತರ ಭಾರತವೇ ಅದಕ್ಕೆ ಒಂದು ಮೂಲ. ಕೇಪ್‌ಟೌನಿನ ಹ್ಯಾಂಡ್‌ಸ್ಪ್ರಿಂಗ್ ತಂಡ ಬೆತ್ತದಲ್ಲಿ ಕಟ್ಟಿದ ಕುದುರೆ 2007ರಲ್ಲಿ ಲಂಡನ್ನಿನ 'ವಾರ್ ಹಾರ್ಸ್' ನಾಟಕಕ್ಕೆ ಬಂತು. ಮೂವರು ಆಡಿಸುವವರು ಎದುರಿಗೇ ಕಾಣುತ್ತಿರುತ್ತಾರೆ, ಆದರೂ ಕುದುರೆಗೆ ಏಟು ಬಿದ್ದಾಗ ಪ್ರೇಕ್ಷಕರ ಕಣ್ಣು ತೇವವಾಗುತ್ತೆ. ನೋಡಿದವರು ಇದೇನೋ ಹೊಸ ಕಲೆ ಅಂದುಕೊಳ್ಳಬಹುದು. ನಮಗೆ ಹಾಗನ್ನಿಸಬಾರದು.

ರಾತ್ರಿಯಿಡೀ ಕೂತು ನೋಡುವವರು ಈಗೆಲ್ಲಿದ್ದಾರೆ ಅಂತೀರಾ? ಮಧುಗಿರಿ, ಕೊರಟಗೆರೆ, ಶಿರಾ ಕಡೆ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಹಾಕಿದಾಗ ಹೋಗಿ ನೋಡಿ. ಊರಿನ ಹುಡುಗರೇ ಕೈಯಿಂದ ದುಡ್ಡು ಹಾಕಿ ದುರ್ಯೋಧನ, ಕರ್ಣ ಆಗ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡ್ತಾರೆ. ಸೀನರಿ ಬಾಡಿಗೆಗೆ ಬರುತ್ತೆ. ಬೆಳಗಿನ ಜಾವದ ಗದಾಯುದ್ಧದ ತನಕ ಜನ ಕದಲಲ್ಲ. ಅದೇ ಭಾರತವನ್ನು ಪರದೆ ಮೇಲೆ ಆಡುವ ಕುಟುಂಬಕ್ಕೆ ಮಾತ್ರ ನಾವು 25 ನಿಮಿಷ ಕೊಡ್ತೀವಿ.

ಹಾಗಾಗಿ ಊರ ಹಬ್ಬದ ವಾಟ್ಸಾಪ್ ಗ್ರೂಪಿನಲ್ಲಿ ಚಂದಾ ಲೆಕ್ಕ ಶುರುವಾದಾಗ ಆರ್ಕೆಸ್ಟ್ರಾ ಜೊತೆಗೆ ಇದನ್ನೂ ಒಂದು ಸಾಲು ಬರೆದು ನೋಡಿ: ತೊಗಲು ಗೊಂಬೆ, ರಾತ್ರಿ ಹತ್ತರ ಮೇಲೆ, ಪೂರ್ತಿ ಆಟ, ಕಿಳ್ಳೇಕ್ಯಾತನ ಮಾತಿಗೆ ಕತ್ತರಿ ಇಲ್ಲ. ಮಕ್ಕಳು ಬಂದರೆ ಬರಲಿ, ನಿದ್ದೆ ಬಂದಾಗ ತೊಡೆ ಮೇಲೆ ಮಲಗ್ತವೆ. ಮೇಳದವರಿಗೆ ಸ್ಟೇಜು, ಡಿಜೆ ಏನೂ ಬೇಡ. ಸ್ವಲ್ಪ ಜಾಗ, ಒಂದು ಬಿಳಿ ಬಟ್ಟೆ, ಕತ್ತಲು ಸಾಕು. ಈಗ ಕಷ್ಟ ಇರೋದು ಕತ್ತಲಿಗೇ, ಗುಡಿ ಮುಂದೆ ಹೈಮಾಸ್ಟ್ ಲೈಟು ಉರೀತಿರುತ್ತೆ. ಆರಿಸಬೇಕಾದರೆ ಪಂಚಾಯ್ತಿಯವರನ್ನ ಎರಡು ದಿನ ಮೊದಲೇ ಕೇಳಿಟ್ಟಿರಬೇಕು.